ಈ ಚೀಟಿ ಓದುವವರಿಗೆ

ಹೋದ ತಿಂಗಳ ಕ್ಯಾಲೆಂಡರ್ ಹಾಳೆ, ಬೆನ್ನು ಖಾಲಿ.
ಅದರ ಮೇಲೆ ನೀಲಿ ಪೆನ್ನಿನಲ್ಲಿ ಬರೆದೆ:

ಕಂಡಕ್ಟರರೇ, ರಿಕ್ಷಾದವರೇ, ದೋಣಿಯವರೇ,
ಈಕೆ ಹೆಲ್ವಿ. ನನ್ನ ಮಾಳಿಗೆ ಕೋಣೆಯಲ್ಲಿ
ಹದಿನೆಂಟು ದಿನ ಇರುತ್ತಾಳೆ.
ಕನ್ನಡ ಬಾರದು, ತುಳು ಬಾರದು, ಕೊಂಕಣಿ ಬಾರದು,
ಇಂಗ್ಲಿಷು ನನ್ನಷ್ಟೇ, ಅಂದರೆ ಅಷ್ಟಕ್ಕಷ್ಟೇ.
ಬಲಮಂಡಿ ನೋವು. ಬಸ್ಸು ಪೂರ್ತಿ ನಿಂತ ಮೇಲೆ ಇಳಿಸಿ.
(ಗೊತ್ತು, ನಿಮಗೆ ಟೈಮಿಲ್ಲ. ಆದರೂ.)
ಹೋಗಬೇಕಾದ್ದು ತಣ್ಣೀರುಬಾವಿ ಬೀಚಿಗೆ.
ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿಸಿದರೆ ಸಾಕು,
ಕೂಳೂರು ಸೇತುವೆ ಸುತ್ತಿಸಿ ಊರು ತೋರಿಸುವ ಉಪಕಾರ ಬೇಡ.
ಮೀಟರ್ ಹಾಕಿ. ಚಿಲ್ಲರೆ ಇಲ್ಲ ಅನ್ನಬೇಡಿ,
ಅವಳ ಸೊಂಟದ ಚೀಲಕ್ಕೆ ನಾನೇ ತುಂಬಿಸಿದ್ದೇನೆ.
ಇಂತಿ, ಫ್ಲೋರಿನ್ ಲೋಬೊ, ವೆಲೆನ್ಸಿಯಾ, ನೀಲಿ ಗೇಟು.

ಓದಲಾರಳು. ಆದರೂ ಕನ್ನಡಕ ಏರಿಸಿ
ಸಾಲಿನ ಮೇಲೆ ಬೆರಳಾಡಿಸಿ ನೋಡಿದಳು,
ಬಲೆಯ ಗಂಟು ಎಣಿಸುವವರ ಹಾಗೆ.
ಮೂವತ್ತೊಂದು ವರ್ಷ ಟ್ರಾಮು ಓಡಿಸಿದವಳಂತೆ,
ತಾಲಿನ್ ಅಂತ ಊರು, ಅಲ್ಲೂ ಸಮುದ್ರ ಇದೆಯಂತೆ,
ಚಳಿಗಾಲದಲ್ಲಿ ಅದರ ಅಂಚು ಗಟ್ಟಿಯಾಗುತ್ತದಂತೆ.
ನಾನು ನಂಬಲಿಲ್ಲ.
ಸಮುದ್ರ ಗಟ್ಟಿಯಾದರೆ ಮೀನಿನವರು ಮನೆಯಲ್ಲಿ ಏನು ಮಾಡುತ್ತಾರೆ?

ಸಂಜೆ ಆರೂವರೆಗೆ ಕುಕ್ಕರ್ ಆರಿಸಿ ಗೇಟಿಗೆ ಬಂದೆ.
ಏಳು. ಇಗರ್ಜಿಯ ಗಂಟೆ ಆಯಿತು.
ಏಳೂಮುಕ್ಕಾಲು.
ನಾಯಿಯೂ ಎದ್ದು ಬಂದು ಪಕ್ಕದಲ್ಲಿ ಕೂತಿತು.

ಬಂದಳು. ಮೂಗು ಕೆಂಪು, ಕಾಲ್ಬೆರಳ ಸಂದಿಯಲ್ಲಿ ಮರಳು,
ಕೈಯಲ್ಲಿ ಚೀಟಿ, ಒದ್ದೆ, ಅಂಚಿನ ತನಕ ಯಾರ್ಯಾರದೋ ಅಕ್ಷರ.

ಕೆಂಪು ಪೆನ್ನು: ಮೇಡಮ್ಮನ್ನು ಮುಂದಿನ ಸೀಟಲ್ಲಿ ಕೂರಿಸಿದೆವು.
ಬಸ್ಸು ಪೂರ್ತಿ ನಿಲ್ಲಿಸಿದೆವು. ಲೇಟಾದದ್ದು ನಿಮ್ಮ ಲೆಕ್ಕಕ್ಕೆ.

ಎಣ್ಣೆಯ ಬೆರಳಚ್ಚು, ಅದರ ಬುಡದಲ್ಲಿ:
ಬಂಗುಡೆ ಖಾರವಾಗಿ ಕಣ್ಣಲ್ಲಿ ನೀರು ಬಂತು,
ಮಜ್ಜಿಗೆ ಕೊಟ್ಟೆ, ಅದಕ್ಕೆ ದುಡ್ಡು ತಕೊಂಡಿಲ್ಲ.

ಲೈಫ್‌ಗಾರ್ಡ್ ಹುಡುಗನದು, ಅವಸರದ್ದು:
ಕೆಂಪು ಬಾವುಟ ಹಾಕಿತ್ತು. ಮೊಣಕಾಲಿನಾಚೆ ಬಿಡಲಿಲ್ಲ.
ಬೈದರು. ಯಾವ ಭಾಷೆಯೋ, ಬೈಗುಳವೇ ಹೌದು.

ಪೆನ್ಸಿಲು: ಕೊನೆಯ ದೋಣಿ ಅಂತ ಮೂರು ಸಲ ಕೂಗಿದೆ,
ಗಾಳಿಮರದ ಕೆಳಗೆ ಆರಾಮ ಕೂತಿದ್ದರು.
ಕಾದೆವು. ಹಮೀದ್.

ಕೊನೆಯ ರಿಕ್ಷಾದವನು ಮಾತ್ರ ಏನೂ ಬರೆದಿಲ್ಲ.
ಬತ್ತೇರಿಯಿಂದ ಇಲ್ಲಿಗೆ ನಾನೂರು ಕೇಳಿದನಂತೆ. ಕೊಟ್ಟಳಂತೆ.
ನಂಬರು ನೋಡಿದೆಯಾ? ಮೀಸೆ ಇತ್ತಾ? ಗಾಜಿನ ಮೇಲೆ ಏನು ಬರೆದಿತ್ತು?
ಅವಳು ನಗುತ್ತಾಳೆ. ಟಿಕೇಟಿಲ್ಲದೆ ಹತ್ತಿದವರನ್ನು
ಎಷ್ಟು ಜನರನ್ನು ಕಂಡೂ ಕಾಣದಂತೆ ಬಿಟ್ಟಿದ್ದೇನೋ,
ಒಂದು ದಿನ ಯಾರಾದರೂ ವಸೂಲಿ ಮಾಡಬೇಕಲ್ಲ, ಎನ್ನುತ್ತಾಳೆ.
ನನಗೆ ನಗು ಬರಲಿಲ್ಲ.
ಮರುದಿನದ ಚೀಟಿಯಲ್ಲಿ ಮೀಟರ್ ಎಂಬಲ್ಲಿ
ಎರಡು ಗೆರೆ ಎಳೆದೆ, ಹಾಳೆ ಹರಿಯುವಷ್ಟು ಒತ್ತಿ.

ಹದಿನೆಂಟು ದಿನ. ಕ್ಯಾಲೆಂಡರಿನ ಐದು ಹಾಳೆ.
ಮಂಡಿ ಹಾಗೇ ಇದೆ, ಮೂಗು ಎರಡು ಸಲ ಸುಲಿಯಿತು,
"ಬತ್ತೇರಿ" ಅನ್ನುವುದು ಬಂತು, "ಎಷ್ಟು" ಬಂತು,
"ಜಾಸ್ತಿಯಾಯ್ತು" ಅನ್ನುವುದು ನನಗಿಂತ ಚೆನ್ನಾಗಿ ಬಂತು.

ಹೋಗುವ ಬೆಳಿಗ್ಗೆ ಅವಳೂ ಒಂದು ಚೀಟಿ ಕೊಟ್ಟಳು,
ಅವಳ ಭಾಷೆಯಲ್ಲಿ, ಎಂಟು ಸಾಲು.
ನೀನು ಬಂದರೆ ಯಾರಿಗಾದರೂ ತೋರಿಸು, ಎಂದಳು.
ನಾನೆಲ್ಲಿ ಹೋಗಲಿ ಮಾರಾಯ್ತಿ,
ಪಾಸ್‌ಪೋರ್ಟೂ ಇಲ್ಲ, ಸ್ವೆಟರೂ ಇಲ್ಲ.

ಅಕ್ಷರ ಇಂಗ್ಲಿಷಿನದೇ, ಪದ ಒಂದೂ ಸಿಗುವುದಿಲ್ಲ.
ನಡುವೆ ಫ್ಲೋರಿನ್ ಅಂತಿದೆ, ಎರಡು ಕಡೆ.
ಬಿಪಿ ಇದೆ ಎಂದು ಬರೆದಳೋ, ಬಾಯಿ ಜೋರು ಎಂದಳೋ.
ಅಡಿಯಲ್ಲಿ ಟ್ರಾಮಿನ ಚಿತ್ರ, ಹಣೆಯಲ್ಲಿ ನಾಲ್ಕು ಎಂಬ ನಂಬರು,
ಮುಂದಿನ ಕಿಟಕಿಯ ಸೀಟಿಗೆ ಒಂದು ಸುತ್ತು.

ಪರ್ಸಿನಲ್ಲಿದೆ.
ಹಂಪನಕಟ್ಟೆಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ,
ದುಂಬು ಪೋಲೆ, ದುಂಬು ಪೋಲೆ ಅಂತ
ಕಂಡಕ್ಟರ್ ಬೆನ್ನಿಗೇ ಬಂದು ಕೂಗುವಾಗ,
ತೆಗೆದು ಅವನಿಗೇ ತೋರಿಸೋಣ ಅನಿಸುತ್ತದೆ.